ವಿಕ್ಟರ್ ಫ್ರಾಂಕೆನ್‌ಸ್ಟೈನ್ ಕೆಟ್ಟವನೋ, ಬರೀ ಪುಕ್ಕಲನೋ?

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಮೊನ್ನೆ ಮತ್ತೆ ಓದಿ ಮುಗಿಸಿದೆ. ಮೊದಲ ಸಲ ಓದಿದ್ದು ಹದಿನಾರನೇ ವಯಸ್ಸಿನಲ್ಲಿ. ಆಗ ಆ ದೈತ್ಯ ಜೀವಿಯನ್ನು ನೆನೆಸಿಕೊಂಡು ದೀಪ ಆರಿಸೋಕೆ ಹೆದರುತ್ತಿದ್ದೆ. ಈ ಸಲ ಅದು ಕಂಡಾಗಲೆಲ್ಲ ಅಯ್ಯೋ ಪಾಪ ಅನ್ನಿಸಿತು. ಹೆದರಿಕೆ ಆದದ್ದು ಅದನ್ನು ಹುಟ್ಟಿಸಿದ ವಿಕ್ಟರ್‌ನನ್ನು ನೋಡಿ.

ಅದರಲ್ಲೂ ಒಂದು ಭಾಗ ತಲೆಯಿಂದ ಹೋಗುತ್ತಲೇ ಇಲ್ಲ. ಜಸ್ಟಿನ್‌ಳ ವಿಚಾರಣೆ. ವಿಕ್ಟರ್‌ನ ಪುಟ್ಟ ತಮ್ಮ ವಿಲಿಯಂ ಕೊಲೆಯಾಗಿದ್ದಾನೆ. ಅವನ ಹತ್ತಿರ ಇದ್ದ ತಾಯಿಯ ಚಿಕ್ಕ ಚಿತ್ರ ಮನೆಯ ಕೆಲಸದ ಹುಡುಗಿ ಜಸ್ಟಿನ್‌ಳ ಬಟ್ಟೆಯಲ್ಲಿ ಸಿಕ್ಕಿದೆ. ಎಲ್ಲರೂ ಅವಳೇ ಕೊಂದವಳು ಅಂತಾರೆ. ಕೊಂದದ್ದು ತಾನು ಹುಟ್ಟಿಸಿದ ಜೀವಿ ಅನ್ನೋದು ವಿಕ್ಟರ್‌ಗೆ ಖಾತ್ರಿ ಇದೆ. ಆದರೂ ಬಾಯಿ ಬಿಡುವುದಿಲ್ಲ. ಹೇಳಿದರೆ ಯಾರೂ ನಂಬಲ್ಲ, ಹುಚ್ಚ ಅಂತಾರೆ, ಇದು ಅವನ ಕಾರಣ. ಅವಳನ್ನು ಗಲ್ಲಿಗೆ ಹಾಕುತ್ತಾರೆ.

ಇಷ್ಟೇ ಆಗಿದ್ದರೆ ಹೇಡಿ ಅಂತ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆ ವಿಚಾರಣೆ ನಡೆಯುವಾಗ ಅವನು ಅಂದುಕೊಳ್ಳುವುದು ನೋಡಿ. ನನ್ನ ಸಂಕಟ ಅವಳ ಸಂಕಟಕ್ಕಿಂತ ದೊಡ್ಡದು, ಅವಳಿಗಾದರೂ ತಪ್ಪು ಮಾಡಿಲ್ಲ ಅನ್ನೋ ನೆಮ್ಮದಿ ಇದೆ, ನನಗೆ ಅದೂ ಇಲ್ಲ ಅಂತಾನೆ. ಸಾಯಲು ಹೊರಟವಳು ಅವಳು, ಪಾಪ ಅನ್ನಿಸಿಕೊಳ್ಳಬೇಕಾದವನು ಇವನು. ಇಲ್ಲಿ ನಾನು ಪುಸ್ತಕ ಮಡಚಿಟ್ಟು ಎದ್ದು ಹೋದೆ.

ಆಮೇಲೆ ಅದೇ ಜೀವಿಯ ಕೈಯಲ್ಲಿ ಗೆಳೆಯ ಕ್ಲರ್ವಲ್ ಸಾಯುತ್ತಾನೆ. ಮದುವೆಯ ರಾತ್ರಿಯೇ ಹೆಂಡತಿ ಎಲಿಜಬೆತ್ ಸಾಯುತ್ತಾಳೆ. ಆ ದುಃಖದಲ್ಲೇ ಅಪ್ಪನೂ ಹೋಗುತ್ತಾನೆ. ಆಗ, ಎಲ್ಲ ಮುಗಿದ ಮೇಲೆ, ವಿಕ್ಟರ್ ನ್ಯಾಯಾಧಿಕಾರಿಯ ಹತ್ತಿರ ಹೋಗಿ ಮೊದಲಿಂದ ಕೊನೆವರೆಗೆ ಎಲ್ಲ ಹೇಳುತ್ತಾನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಂದರೆ ಹೇಳೋಕೆ ಬರುತ್ತಿತ್ತು, ಅಲ್ವಾ? ಬಾಯಿ ಇತ್ತು. ಜಸ್ಟಿನ್‌ಗೋಸ್ಕರ ತೆರೆಯಲಿಲ್ಲ ಅಷ್ಟೇ.

ನನ್ನ ಪ್ರಶ್ನೆ ಇದು. ಇವನನ್ನು ಕೆಟ್ಟವನು ಅನ್ನಬೇಕಾ, ದುರ್ಬಲ ಅನ್ನಬೇಕಾ? ಎರಡರ ನಡುವೆ ಗೆರೆ ಎಲ್ಲಿದೆ? ಹಳೆಯ ಹಾರರ್ ಕಥೆಗಳಲ್ಲಿ ಈ ತರಹದ ಮನುಷ್ಯರು ಬೇರೆ ಯಾರಿದ್ದಾರೆ? ದೆವ್ವ ಭೂತಕ್ಕಿಂತ ಮನುಷ್ಯನೇ ಹೆದರಿಸೋ ಕಥೆ ನಿಮಗೆ ಯಾವುದು?

ಮಸಿಕುಡಿಕೆ:

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಜೆಕಿಲ್. ಹೈಡ್ ಅಲ್ಲ, ಜೆಕಿಲ್.

ಸ್ಟೀವನ್‌ಸನ್ ಬರೆದ ‘ಡಾ. ಜೆಕಿಲ್ ಮತ್ತು ಮಿ. ಹೈಡ್’ 1886ರದ್ದು. ಜೆಕಿಲ್ ಅನ್ನೋ ವೈದ್ಯ ಒಂದು ಔಷಧಿ ಕುಡಿದು ಹೈಡ್ ಅನ್ನೋ ಬೇರೆಯೇ ಮನುಷ್ಯನಾಗುತ್ತಾನೆ. ಕಥೆ ಓದದವರಿಗೂ ಹೆಸರು ಗೊತ್ತು. ಹಾಗೆ ಗೊತ್ತಿರುವುದೇ ತೊಂದರೆ. ಜೆಕಿಲ್ ಒಳ್ಳೆಯವನು, ಹೈಡ್ ಕೆಟ್ಟವನು, ಒಂದು ಔಷಧಿ ಕುಡಿದು ಎಡವಟ್ಟಾಯಿತು ಅಂತ ಜನ ಅಂದುಕೊಂಡಿದ್ದಾರೆ. ಪುಸ್ತಕದಲ್ಲಿ ಹಾಗಿಲ್ಲ. ಕೊನೆಯ ಪತ್ರದಲ್ಲಿ ಜೆಕಿಲ್ ಸ್ವತಃ ಹೇಳುತ್ತಾನೆ, ಆ ಔಷಧಿಗೆ ಒಳ್ಳೇದು ಕೆಟ್ಟದ್ದು ಅನ್ನೋ ಭೇದ ಇರಲಿಲ್ಲ. ಅದು ಬರೀ ಬಾಗಿಲು ತೆಗೆಯಿತು. ತಾನು ಒಳ್ಳೆಯ ಮನಸ್ಸಿನಿಂದ ಕುಡಿದಿದ್ದರೆ ಬೇರೆ ಯಾರೋ ಹೊರಗೆ ಬರುತ್ತಿದ್ದರೇನೋ ಅಂತಾನೆ. ಬಾಗಿಲ ಹಿಂದೆ ಕಾಯುತ್ತಿದ್ದವನು ಯಾರು ಅನ್ನೋದು ಅವನಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಅವನು ಮಾಡುವ ಏರ್ಪಾಟು ನೋಡಿ. ಹೈಡ್‌ಗೆ ಅಂತ ಲಂಡನ್ನಿನ ಸೋಹೋದಲ್ಲಿ ಮನೆ. ಹೈಡ್ ಹೆಸರಲ್ಲಿ ಬ್ಯಾಂಕ್ ಖಾತೆ. ಹೈಡ್‌ಗೆ ಆಸ್ತಿ ಹೋಗುವ ಹಾಗೆ ಉಯಿಲು. ಕೈ ಜಾರಿದವನು ಹೀಗೆ ಮಾಡಲ್ಲ. ಇದು ಕೂತು ಲೆಕ್ಕ ಹಾಕಿ ಮಾಡಿದ ಕೆಲಸ. ಹೈಡ್ ಏನಾದರೂ ಅನ್ಯಾಯ ಮಾಡಿದರೆ ಜೆಕಿಲ್ ಆದಷ್ಟು ಸರಿಪಡಿಸುತ್ತಾನೆ, ಮಾಡಿದ್ದು ಹೈಡ್ ತಾನೇ, ನಾನಲ್ಲವಲ್ಲ ಅಂದುಕೊಂಡು ನೆಮ್ಮದಿಯಾಗಿ ಮಲಗುತ್ತಾನೆ.

ನನಗೆ ಅತಿ ಜಾಸ್ತಿ ಹೆದರಿಕೆ ಹುಟ್ಟಿಸೋದು ಕೊಲೆ ಅಲ್ಲ, ಒಂದು ಸಣ್ಣ ವಾಕ್ಯ. ಒಂದು ದಿನ ಜೆಕಿಲ್ ಹೈಡ್ ಸಹವಾಸವೇ ಬೇಡ ಅಂತ ಗಟ್ಟಿ ಮನಸ್ಸು ಮಾಡುತ್ತಾನೆ. ಎರಡು ತಿಂಗಳು ಕಟ್ಟುನಿಟ್ಟಾಗಿ ಇರುತ್ತಾನೆ. ಆದರೆ ಸೋಹೋ ಮನೆ ಬಿಡಲಿಲ್ಲ, ಹೈಡ್‌ನ ಬಟ್ಟೆಗಳನ್ನೂ ಎಸೆಯಲಿಲ್ಲ ಅಂತ ನಡುವೆ ಒಂದು ಮಾತು ಹೇಳಿ ಹೋಗುತ್ತಾನೆ. ಯಾವುದಾದರೂ ಚಟ ಬಿಡೋಕೆ ಹೊರಟ ಯಾರಿಗೇ ಆದರೂ ಆ ಬಟ್ಟೆಗಳು ಏನು ಅಂತ ಗೊತ್ತು. ಬಿಟ್ಟೆ ಅಂತ ಬಾಯಲ್ಲಿ ಹೇಳಿ ಕಪಾಟಿನ ಬೀಗದಕೈ ಜೇಬಲ್ಲಿ ಇಟ್ಟುಕೊಳ್ಳೋದು. ಆ ಎರಡು ತಿಂಗಳು ಮುಗಿಯುತ್ತಿದ್ದ ಹಾಗೇ ಹೈಡ್ ಕೈಯಲ್ಲಿ ಡ್ಯಾನ್ವರ್ಸ್ ಕ್ಯಾರ್ಯೂ ಅನ್ನೋ ಮುದುಕನ ಕೊಲೆಯಾಗುತ್ತದೆ.

ಇನ್ನೊಂದು. ಕೊಲೆಯಾದ ಮೇಲೆ ಜೆಕಿಲ್ ನಿಜವಾಗಿಯೂ ಜನರಿಗೆ ಸಹಾಯ ಮಾಡುತ್ತಾ ಬದುಕುತ್ತಾನೆ. ಒಂದು ದಿನ ಪಾರ್ಕಿನ ಬೆಂಚಿನ ಮೇಲೆ ಬಿಸಿಲಿಗೆ ಕೂತು, ಪರವಾಗಿಲ್ಲ, ಉಳಿದವರ ಹಾಗೆ ಕೈಕಟ್ಟಿ ಕೂತಿಲ್ಲ ನಾನು, ಅವರಿಗಿಂತ ಒಳ್ಳೆಯವನೇ ಅಂತ ಯೋಚಿಸುತ್ತಾನೆ. ಸರಿಯಾಗಿ ಆ ಕ್ಷಣಕ್ಕೆ, ಔಷಧಿ ಇಲ್ಲದೆಯೇ, ಹೈಡ್ ಆಗುತ್ತಾನೆ. ಸ್ಟೀವನ್‌ಸನ್ ಅದನ್ನು ರಾತ್ರಿಗೆ ಇಡಲಿಲ್ಲ, ಹಗಲಿಗೆ ಇಟ್ಟ. ಕೋಪದ ಗಳಿಗೆಗೂ ಇಡಲಿಲ್ಲ, ಹೆಮ್ಮೆಯ ಗಳಿಗೆಗೆ ಇಟ್ಟ.

ಹಾಗಾಗಿ ನಿಮ್ಮ ಗೆರೆ ಎಲ್ಲಿ ಅನ್ನೋ ಪ್ರಶ್ನೆಗೆ ನಾನು ಹೇಳೋದು, ದೌರ್ಬಲ್ಯ ಅನ್ನೋದು ಮೊದಲ ಸಲಕ್ಕೆ ಮಾತ್ರ. ಎರಡನೇ ಸಲಕ್ಕೆ ಬಟ್ಟೆ ಎತ್ತಿಟ್ಟುಕೊಂಡಿದ್ದೀರಿ ಅಂದರೆ ಅದಕ್ಕೆ ಆ ಹೆಸರು ಸಲ್ಲಲ್ಲ.

ಅಡ್ಡಮಾತು:

ಮಸಿಕುಡಿಕೆ ಅವರೇ, ನೀವು ಬರೆದಿದ್ದು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ನೀವಿಬ್ಬರೂ ಹೇಳುತ್ತಿರುವ ಮನುಷ್ಯರಿಗೆ ಒಂದು ಕಾರಣ ಇದೆ. ವಿಕ್ಟರ್‌ಗೆ ಮರ್ಯಾದೆಯ ಭಯ. ಜೆಕಿಲ್‌ಗೆ ಸುಖದ ಆಸೆ. ಕಾರಣ ಇದ್ದರೆ ನಮಗೆ ಒಂದು ತರಹದ ಸಮಾಧಾನ ಇರುತ್ತದೆ. ಕಾರಣವೇ ಇಲ್ಲದ ಕೇಡು ಇದೆಯಲ್ಲ, ಅದರ ಬಗ್ಗೆ ಬರೆದವನು ಎಡ್ಗರ್ ಆಲನ್ ಪೋ.

1843ರ ‘ದಿ ಬ್ಲ್ಯಾಕ್ ಕ್ಯಾಟ್’ ತೆಗೆದುಕೊಳ್ಳಿ. ಕಥೆ ಹೇಳುವವನು ಚಿಕ್ಕಂದಿನಿಂದ ಪ್ರಾಣಿಗಳನ್ನು ಪ್ರೀತಿಸಿದವನು. ಕುಡಿತಕ್ಕೆ ಬಿದ್ದು ತನ್ನ ಬೆಕ್ಕಿನ ಕಣ್ಣು ಕೀಳುತ್ತಾನೆ. ಇಲ್ಲಿವರೆಗೆ ಕುಡಿತದ ಮೇಲೆ ಹಾಕಬಹುದು. ಆದರೆ ಆಮೇಲೆ ಒಂದು ಬೆಳಗ್ಗೆ, ಕುಡಿದ ಮತ್ತು ಇಲ್ಲ, ಕೋಪ ಇಲ್ಲ, ಆ ಬೆಕ್ಕನ್ನು ಮರಕ್ಕೆ ನೇಣು ಹಾಕುತ್ತಾನೆ. ಅಳುತ್ತಾ ಹಾಕುತ್ತಾನೆ. ಅದು ತನ್ನನ್ನು ಪ್ರೀತಿಸಿತ್ತು, ತನಗೆ ಏನೂ ಮಾಡಿರಲಿಲ್ಲ, ಇದು ಪಾಪ, ಎಲ್ಲ ಗೊತ್ತು. ಗೊತ್ತಿದ್ದುದರಿಂದಲೇ ಮಾಡಿದೆ ಅಂತಾನೆ. ಮಾಡಬಾರದು ಅನ್ನೋದೇ ಮಾಡೋಕೆ ಕಾರಣ.

ಇದನ್ನು ಮೊದಲ ಸಲ ಓದಿದಾಗ ಛೆ, ಯಾರಾದರೂ ಹೀಗಿರುತ್ತಾರಾ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು. ನಾನು ಚಿಕ್ಕವನಿದ್ದಾಗ ತಮ್ಮ ದಿನಗಟ್ಟಲೆ ಕೂತು ಅಂಟಿಸಿ ಮಾಡಿದ್ದ ಕಾಗದದ ಹಡಗನ್ನು ಸುಮ್ನೆ ತುಳಿದು ಹಾಕಿದ್ದೆ. ಅವನ ಮೇಲೆ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ. ತುಳಿಯಬಾರದು ಅಂತ ಗೊತ್ತಿತ್ತು, ಕಾಲು ಎತ್ತಿದೆ. ಅವನು ಅಳಲೂ ಇಲ್ಲ, ನನ್ನ ಮುಖ ನೋಡಿದ. ಇವತ್ತಿಗೂ ಆ ನೋಟ ಮರೆತಿಲ್ಲ. ಪೋ ಹೇಳುತ್ತಿರುವುದು ಆ ಕಾಲಿನ ಬಗ್ಗೆ. ಇದು ದೌರ್ಬಲ್ಯವೂ ಅಲ್ಲ, ಆಸೆಯೂ ಅಲ್ಲ. ಇದಕ್ಕೆ ನಿಮ್ಮ ಗೆರೆಯಲ್ಲಿ ಜಾಗ ಎಲ್ಲಿದೆ?

ಅದೇ ವರ್ಷದ ‘ದಿ ಟೆಲ್‌ಟೇಲ್ ಹಾರ್ಟ್’ ಕೂಡ ಹಾಗೆಯೇ. ಮುದುಕನ ಮೇಲೆ ದ್ವೇಷ ಇಲ್ಲ, ಅವನ ದುಡ್ಡು ಬೇಡ. ಕೊಲ್ಲುವ ಹಿಂದಿನ ವಾರ ಅವನ ಜೊತೆ ಎಂದೂ ಇಲ್ಲದಷ್ಟು ಪ್ರೀತಿಯಿಂದ ಇದ್ದೆ ಅಂತಾನೆ. ಪೊಲೀಸರು ಬಂದಾಗ ಹೆಣ ಇಟ್ಟ ಹಲಗೆಯ ಮೇಲೆಯೇ ಕುರ್ಚಿ ಹಾಕಿ ಕೂರುತ್ತಾನೆ. ಅವರಿಗೆ ಒಂದಿಷ್ಟೂ ಅನುಮಾನ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಇದೆ, ಇಲ್ಲಿ ಯಾರೂ ಕಳ್ಳ ಅಂತ ಕೂಗಿಯೂ ಇಲ್ಲ. ಅವನ ಕಿವಿಗೆ ಮಾತ್ರ ಸತ್ತ ಮುದುಕನ ಎದೆಬಡಿತ ಕೇಳುತ್ತದೆ, ತಾನೇ ಎದ್ದು ಒಪ್ಪಿಕೊಳ್ಳುತ್ತಾನೆ.

ಹಳೇಪುಟ:

ಅಡ್ಡಮಾತು ಅವರೇ, ನಿಮ್ಮ ತಮ್ಮನ ಹಡಗು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ಒಂದು ಮಾತು. ಪೋನ ಮನುಷ್ಯ ಕೊನೆಗೆ ಒಪ್ಪಿಕೊಳ್ಳುತ್ತಾನಲ್ಲ. ವಿಕ್ಟರ್‌ಗೆ ಹಾಗೆ ಎದೆ ಬಡಿದಿದ್ದರೆ ಜಸ್ಟಿನ್ ಉಳಿಯುತ್ತಿದ್ದಳೇನೋ. ಇಲ್ಲಿ ಯಾರು ಹೆಚ್ಚು ಕೆಟ್ಟವರು ಅಂತ ನನಗೆ ಇನ್ನೂ ಗೊಂದಲ ಆಯಿತು.

ನಿಧಾನದಓದು:

ಹಳೇಪುಟ ಅವರೇ, ನೀವು ಸ್ಟೀವನ್‌ಸನ್‌ನ ‘ದಿ ಬಾಡಿ ಸ್ನ್ಯಾಚರ್’ ಓದಿಲ್ಲ ಅಂದರೆ ಇವತ್ತೇ ಓದಿ. 1884ರ ಕಥೆ, ಜೆಕಿಲ್‌ಗಿಂತ ಮೊದಲಿನದು, ಒಂದೇ ಕೂತಿಗೆ ಮುಗಿಯುತ್ತದೆ. ನಿಮ್ಮ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಇನ್ನೊಂದು ಕಥೆ ನಾನು ಓದಿಲ್ಲ.

ಮೊದಲು ಅದರ ಹಿಂದಿನ ನಿಜ ಸಂಗತಿ. 1820ರ ದಶಕದ ಎಡಿನ್‌ಬರೋದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಕೊಯ್ದು ಕಲಿಯೋಕೆ ಹೆಣಗಳು ಸಾಲುತ್ತಿರಲಿಲ್ಲ. ಕಾನೂನಿನ ಪ್ರಕಾರ ಸಿಗುತ್ತಿದ್ದುದು ಮುಖ್ಯವಾಗಿ ಕೊಲೆಗಾಗಿ ಗಲ್ಲಿಗೇರಿದವರ ಹೆಣ. ಹಾಗಾಗಿ ರಾತ್ರಿ ಗೋರಿ ಅಗೆದು ಮಾರುವವರು ಹುಟ್ಟಿಕೊಂಡರು. ಬರ್ಕ್ ಮತ್ತು ಹೇರ್ ಅನ್ನೋ ಇಬ್ಬರು ಅಗೆಯುವ ಕಷ್ಟವೂ ಬೇಡ ಅಂದುಕೊಂಡರು. ಶುರುವಾದದ್ದು ಹೇಗೆ ಗೊತ್ತಾ? ಹೇರ್‌ನ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಮುದುಕ ಕಾಯಿಲೆಯಿಂದ ಸತ್ತ. 4 ಪೌಂಡ್ ಬಾಡಿಗೆ ಬಾಕಿ ಇತ್ತು. ಹೆಣ ಒಯ್ದು ಅಂಗರಚನೆ ಕಲಿಸುತ್ತಿದ್ದ ಡಾ. ರಾಬರ್ಟ್ ನಾಕ್ಸ್ ಕಡೆಯವರಿಗೆ ಕೊಟ್ಟರು, 7 ಪೌಂಡ್ 10 ಶಿಲಿಂಗ್ ಬಂತು. ಮೊದಲನೆಯದು ಕೊಲೆಯೇ ಅಲ್ಲ, ಬಾಕಿ ವಸೂಲಿ. ಅಲ್ಲಿಂದ 1828 ಮುಗಿಯುವ ಮೊದಲು 16 ಜನರನ್ನು ಕೊಂದರು. ಹೇರ್ ಸರ್ಕಾರದ ಪರ ಸಾಕ್ಷಿ ಹೇಳಿ ತಪ್ಪಿಸಿಕೊಂಡ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೆ ಹಾಕಿ, ಅವನ ಹೆಣವನ್ನೇ ಕೊಯ್ದರು. ಅಸ್ಥಿಪಂಜರ ಇವತ್ತಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ನಾಕ್ಸ್ ಮೇಲೆ ಮೊಕದ್ದಮೆ ಆಗಲೇ ಇಲ್ಲ.

ಸ್ಟೀವನ್‌ಸನ್ ಆರಿಸಿಕೊಂಡಿದ್ದು ಬರ್ಕ್‌ನನ್ನೂ ಅಲ್ಲ, ಹೇರ್‌ನನ್ನೂ ಅಲ್ಲ. ಬಾಗಿಲು ತೆಗೆಯುವ ವಿದ್ಯಾರ್ಥಿಯನ್ನು. ಫೆಟ್ಟೀಸ್ ಅಂತ ಹೆಸರು. ಬೆಳಗಿನ ಜಾವ ಎದ್ದು ಹೆಣ ಇಳಿಸಿಕೊಂಡು ದುಡ್ಡು ಕೊಡುವುದು ಅವನ ಕೆಲಸ. ಎಲ್ಲಿಂದ ತಂದಿರಿ ಅಂತ ಕೇಳಬಾರದು ಅನ್ನೋದು ಗುರುಗಳ ನಿಯಮ. ಒಂದು ದಿನ ಬಂದ ಹೆಣ ನೋಡಿದರೆ ಪರಿಚಯದ ಹುಡುಗಿ. ಹಿಂದಿನ ದಿನ ಗಟ್ಟಿಮುಟ್ಟಾಗಿ ಬದುಕಿದ್ದವಳು. ಮೈಮೇಲೆ ಗುರುತುಗಳಿವೆ. ಅವನು ಹಿರಿಯ ಮ್ಯಾಕ್‌ಫರ್ಲೇನ್‌ನನ್ನು ಕೇಳುತ್ತಾನೆ. ಗುರುತು ಹಿಡಿಯದಿದ್ದ ಹಾಗೆ ಇದ್ದುಬಿಡು ಅನ್ನೋದು ಅವನ ಸಲಹೆ. ಫೆಟ್ಟೀಸ್ ಹಾಗೇ ಇದ್ದುಬಿಡುತ್ತಾನೆ.

ಸ್ವಲ್ಪ ದಿನಕ್ಕೆ ಮ್ಯಾಕ್‌ಫರ್ಲೇನ್ ತಾನೇ ಒಂದು ಹೆಣ ತರುತ್ತಾನೆ. ತನ್ನನ್ನು ಹಿಂಡುತ್ತಿದ್ದ ಗ್ರೇ ಅನ್ನೋನ ಹೆಣ. ಬಾಯಿ ಮುಚ್ಚಿಕೊಂಡಿರು ಅಂತಷ್ಟೇ ಹೇಳಿ ಹೋಗಲ್ಲ. ನನಗೆ ದುಡ್ಡು ಕೊಡು, ಪುಸ್ತಕದಲ್ಲಿ ಬರೆದುಕೋ, ಲೆಕ್ಕ ಸರಿಹೋಗಬೇಕು ಅಂತಾನೆ. ಫೆಟ್ಟೀಸ್ ದುಡ್ಡು ಎಣಿಸುತ್ತಾನೆ, ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾನೆ. ನನ್ನ ಪ್ರಕಾರ ನೀವು ಕೇಳಿದ ಗೆರೆ ಇಲ್ಲಿದೆ. ಸುಮ್ಮನಿದ್ದವನ ಕೈಗೆ ಒಬ್ಬ ಪೆನ್ನು ಕೊಡುತ್ತಾನೆ. ಮೊದಲ ಸಲ ಸುಮ್ಮನಿದ್ದುದರಿಂದ ಎರಡನೇ ಸಲ ಬೇಡ ಅನ್ನುವ ಶಕ್ತಿ ಅವನಿಗೆ ಉಳಿದಿಲ್ಲ. ಬೇಡ ಅಂದರೆ ಮೊದಲ ಹುಡುಗಿಯ ವಿಷಯ ಎತ್ತುತ್ತಾರೆ. ಆಮೇಲೆ ಏನಾಗುತ್ತದೆ? ಕೆಲವೇ ದಿನಗಳಲ್ಲಿ ಹೆದರಿಕೆ ಹೋಗಿ, ನಾನೂ ಗಟ್ಟಿಗ ಅನ್ನೋ ಹೆಮ್ಮೆ ಬರುತ್ತದೆ. ಕೊನೆಗೆ ಮಳೆ ರಾತ್ರಿಯಲ್ಲಿ ಇಬ್ಬರೂ ಹಳ್ಳಿಯ ಸ್ಮಶಾನಕ್ಕೆ ಹೋಗುತ್ತಾರೆ. ಅಲ್ಲಿಂದ ಮುಂದಿನದು ನಾನು ಹೇಳಲ್ಲ. ಕಥೆಯಲ್ಲಿ ಅಲೌಕಿಕ ಅನ್ನೋದು ಬರುವುದೇ ಅಲ್ಲಿ, ಕೊನೆಯ ಕೆಲವು ಸಾಲುಗಳಲ್ಲಿ.

ನಾನು ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ತುಂಬಾ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಲೆಕ್ಕದಲ್ಲಿ ಹಣ ಕಡಿಮೆ ಬಂತು ಅಂತ ಒಬ್ಬ ಹುಡುಗನನ್ನು ತೆಗೆದರು. ಅವನದ್ದಲ್ಲ ತಪ್ಪು ಅಂತ ನನಗೆ ಗೊತ್ತಿತ್ತು. ಯಾರದ್ದು ಅಂತಲೂ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ತಿಂಗಳು ಅದೇ ಮನುಷ್ಯ ಒಂದು ಕಾಗದ ತಂದು ಇಲ್ಲೊಂದು ಸಹಿ ಹಾಕಿ ಅಂದ. ಹಾಕಿದೆ. ಎಷ್ಟು ಸುಲಭವಾಗಿ ಹಾಕಿದೆ ಅನ್ನೋದೇ ನನಗೆ ಈಗ ಭಯ. ಆ ಹುಡುಗ ಆಮೇಲೆ ಏನಾದ ಅಂತ ನಾನು ವಿಚಾರಿಸಲಿಲ್ಲ. ಅಡ್ಡಮಾತು ಅವರು ಹೇಳುವ ಕಾರಣವಿಲ್ಲದ ಕೇಡು ಇರಬಹುದು. ಆದರೆ ಲೋಕದಲ್ಲಿ ಜಾಸ್ತಿ ಕೆಲಸ ನಡೆಯುವುದು ಫೆಟ್ಟೀಸ್‌ನಂಥವರ ಕೈಯಿಂದ, ನನ್ನಂಥವರ ಕೈಯಿಂದ.

ಕಿಟಕಿಪಕ್ಕ:

ಎಲ್ಲರ ಮಾತು ಓದಿದೆ. ಒಂದು ಬೇರೆ ವಿಷಯ ಸೇರಿಸುತ್ತೇನೆ, ಬೇಜಾರಾಗಬೇಡಿ. ನಾವು ಈ ಹಳೆಯ ಕಥೆಗಳನ್ನು ತುಂಬಾ ಹೊಗಳುತ್ತಿದ್ದೇವೆ, ಆದರೆ ಆ ಕಥೆಗಳಲ್ಲೇ ಒಂದು ಕೆಟ್ಟ ಅಭ್ಯಾಸ ಇದೆ. ಕೇಡು ಅಂದರೆ ವಿಕಾರದ ಮುಖ ಅನ್ನೋದು. ಹೈಡ್ ಕುಳ್ಳ, ನೋಡಿದ ತಕ್ಷಣ ಅಸಹ್ಯ ಬರುತ್ತದೆ, ಎಲ್ಲೋ ಅಂಗ ಊನ ಇದ್ದ ಹಾಗೆ ಅನ್ನಿಸುತ್ತದೆ. 1897ರ ‘ಡ್ರಾಕುಲಾ’ದಲ್ಲಿ ಮೀನಾ ಅನ್ನೋ ಹೆಂಗಸು, ಕೌಂಟ್ ಡ್ರಾಕುಲಾ ಹುಟ್ಟು ಅಪರಾಧಿಗಳ ತರಹದವನು ಅಂತ ವಿವರಿಸುವಾಗ ಲೊಂಬ್ರೋಸೋ ಹೆಸರನ್ನೇ ಹೇಳುತ್ತಾಳೆ. ಈ ಲೊಂಬ್ರೋಸೋ ಇಟಲಿಯ ವೈದ್ಯ. ಹುಟ್ಟು ಅಪರಾಧಿಗಳನ್ನು ತಲೆಬುರುಡೆ, ದವಡೆ, ಕಿವಿ ನೋಡಿ ಗುರುತಿಸಬಹುದು ಅಂತ ವಾದಿಸಿದವನು. ಆ ವಾದ ಸುಳ್ಳು, ಆದರೆ ಆ ಕಾಲದಲ್ಲಿ ಓದಿದವರೂ ಅದನ್ನು ನಂಬಿದರು. ಕೇಡು ಬೇರೆಯವರ ಮುಖದಲ್ಲಿದೆ ಅಂದರೆ ನಮ್ಮ ಮುಖ ತೊಳೆದ ಹಾಗೆ ಆಯಿತಲ್ಲ.

ಮೇರಿ ಶೆಲ್ಲಿ ಇದಕ್ಕೆ 1818ರಲ್ಲೇ ಉತ್ತರ ಕೊಟ್ಟಿದ್ದರು ಅನ್ನೋದು ನನಗೆ ದೊಡ್ಡ ವಿಷಯ. ಆ ಜೀವಿ ಕಾಡಿನ ಪಕ್ಕದ ಗುಡಿಸಲಿನ ಬಡವರಿಗೆ ಗೊತ್ತಾಗದ ಹಾಗೆ ಸೌದೆ ಕಡಿದು ತಂದಿಡುತ್ತದೆ. ತಾನು ಕದಿಯುವುದರಿಂದ ಅವರಿಗೆ ಊಟ ಕಡಿಮೆ ಆಗುತ್ತಿದೆ ಅಂತ ಗೊತ್ತಾದಾಗ ಕದಿಯುವುದನ್ನೇ ಬಿಡುತ್ತದೆ. ಅದರ ಜೊತೆ ಮನುಷ್ಯರ ಜೊತೆ ಮಾತಾಡಿದ ಹಾಗೆ ಮಾತಾಡುವವನು ಒಬ್ಬನೇ, ಆ ಮನೆಯ ಮುದುಕ. ಅವನಿಗೆ ಕಣ್ಣು ಕಾಣಲ್ಲ. ಕಣ್ಣಿದ್ದ ಮಕ್ಕಳು ಬರುತ್ತಾರೆ, ಮಗ ಕೋಲು ತೆಗೆದುಕೊಂಡು ಹೊಡೆಯುತ್ತಾನೆ. ಆ ಮಗ ಕೆಟ್ಟವನಲ್ಲ, ಅಪ್ಪನನ್ನು ಉಳಿಸಿಕೊಳ್ಳೋಕೆ ಹೊಡೆದ. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಅಂದವಾದ ಕೇಡು ಬೇಕಿದ್ದರೆ ಆಸ್ಕರ್ ವೈಲ್ಡ್‌ನ ಡೋರಿಯನ್ ಗ್ರೇ ಇದ್ದಾನೆ. ಅವನು ಮಾಡಿದ ಪಾಪದ ಗುರುತು ಅವನ ಮುಖದ ಬದಲು ಅವನ ಚಿತ್ರದ ಮೇಲೆ ಮೂಡುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆ, ಹಾಗಾಗಿ ಒಂದೇ ಜಾಗ ಹೇಳುತ್ತೇನೆ. ಕೊನೆಯಲ್ಲಿ ಅವನು ಒಬ್ಬ ಹಳ್ಳಿ ಹುಡುಗಿಯನ್ನು ಕೆಡಿಸದೆ ಬಿಟ್ಟು ಬರುತ್ತಾನೆ. ಈ ಒಂದು ಒಳ್ಳೆ ಕೆಲಸದಿಂದ ತನ್ನ ಚಿತ್ರ ಸ್ವಲ್ಪ ತಿಳಿಯಾಗಿರಬಹುದು ಅಂತ ಮೇಲೆ ಹೋಗಿ ನೋಡಿದರೆ, ಕಣ್ಣಲ್ಲಿ ಕಪಟ, ಬಾಯಿ ಪಕ್ಕ ಸೋಗಿನ ಗೆರೆ, ಎರಡೂ ಹೊಸದಾಗಿ ಸೇರಿವೆ. ಒಳ್ಳೆಯದನ್ನು ಮಾಡಿದ್ದು ನೋಡಿಕೊಳ್ಳೋಕೆ ಅಂತ ಆ ಚಿತ್ರಕ್ಕೆ ಗೊತ್ತಿತ್ತು.

ಮೂರನೇಮನೆ:

ನಾನು ಜಾಸ್ತಿ ಬರೆಯುವವಳಲ್ಲ. ಎಲ್ಲರೂ ಒಬ್ಬೊಬ್ಬ ಮನುಷ್ಯನ ಬಗ್ಗೆ ಹೇಳಿದಿರಿ, ಊರಿಗೆ ಊರೇ ಸೇರಿ ಮಾಡುವುದರ ಬಗ್ಗೆ ಯಾರೂ ಹೇಳಲಿಲ್ಲ. ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’. 1948ರ ಜೂನ್‌ನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದದ್ದು. ಓದಿದವರು ಸಿಟ್ಟಿನಿಂದ ರಾಶಿ ಪತ್ರ ಬರೆದರು. ದೆವ್ವ ಇಲ್ಲ, ಔಷಧಿ ಇಲ್ಲ, ರಾತ್ರಿಯೂ ಅಲ್ಲ. ಬೇಸಿಗೆಯ ಬೆಳಗ್ಗೆ ಊರಿನವರು ಸೇರಿ ಚೀಟಿ ಎತ್ತುತ್ತಾರೆ, ಚೀಟಿ ಬಂದವರನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಯಾಕೆ ಅಂತ ಯಾರಿಗೂ ನೆನಪಿಲ್ಲ. ಮೊದಲಿಂದ ನಡೆದು ಬಂದಿದೆ.

ಈ ಸಲ ಚೀಟಿ ಬರುವುದು ಟೆಸ್ಸಿ ಅನ್ನೋ ಹೆಂಗಸಿಗೆ. ಇದು ಅನ್ಯಾಯ ಅಂತ ಕೂಗುತ್ತಾಳೆ. ಓದುವಾಗ ಕರುಳು ಕಿತ್ತು ಬರುತ್ತದೆ. ಆದರೆ ಸ್ವಲ್ಪ ಹಿಂದೆ ಹೋಗಿ ಓದಿ. ತನ್ನ ಮನೆಗೆ ಚೀಟಿ ಬಂದಿದೆ ಅಂತ ಗೊತ್ತಾದಾಗ ಅವಳು ಮದುವೆಯಾಗಿ ಹೋದ ಮಗಳನ್ನೂ ಅಳಿಯನನ್ನೂ ಸೇರಿಸಿಕೊಳ್ಳಿ ಅಂತಾಳೆ. ಎತ್ತುವವರು ಹೆಚ್ಚಾದರೆ ತನಗೆ ಬರುವ ಸಂಭವ ಕಡಿಮೆ. ತಾಯಿ ಅವಳು. ನಾನೂ ತಾಯಿ. ಆ ಸಾಲನ್ನು ನಾನು ಮೂರು ಸಲ ಓದಿದೆ, ತಪ್ಪಾಗಿ ಓದಿದೆನಾ ಅಂತ.

ಕಲ್ಲು ಎತ್ತುವಾಗ ಬೆಳಗ್ಗೆ ಅವಳ ಪಕ್ಕ ನಿಂತು ನಗುತ್ತಾ ಮಾತಾಡಿದವಳೇ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಕಲ್ಲು ಆರಿಸುತ್ತಾಳೆ. ಯಾರೋ ಟೆಸ್ಸಿಯ ಚಿಕ್ಕ ಮಗನ ಕೈಗೂ ಒಂದಿಷ್ಟು ಬೆಣಚುಕಲ್ಲು ಕೊಡುತ್ತಾರೆ. ನಿಧಾನದಓದು ಅವರು ಪೆನ್ನು ಕೊಡುವ ವಿಷಯ ಹೇಳಿದಾಗ ನನಗೆ ಈ ಮಗುವಿನ ಕೈ ನೆನಪಾಯಿತು. ಅವನಿಗೆ ಏನೂ ತಿಳಿಯದ ವಯಸ್ಸು. ಮುಂದಿನ ವರ್ಷ ಅವನಾಗಿಯೇ ಕಲ್ಲು ಆರಿಸುತ್ತಾನೆ.

ಹಳೇಪುಟ:

ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ‘ದಿ ಬಾಡಿ ಸ್ನ್ಯಾಚರ್’ ನಿನ್ನೆ ರಾತ್ರಿ ಓದಿದೆ. ನಿಧಾನದಓದು ಅವರು ಕೊನೆ ಹೇಳದೆ ಬಿಟ್ಟಿದ್ದು ಒಳ್ಳೆಯದಾಯಿತು.

ಓದಿ ಮುಗಿಸಿ ಮತ್ತೆ ಜಸ್ಟಿನ್‌ಳ ಅಧ್ಯಾಯಕ್ಕೆ ಹೋದೆ. ಮೊದಲು ಗಮನಿಸದ ಒಂದು ಸಂಗತಿ ಈ ಸಲ ಕಣ್ಣಿಗೆ ಬಿತ್ತು. ಅವಳು ತಾನೇ ಕೊಂದೆ ಅಂತ ಒಪ್ಪಿಕೊಂಡಿರುತ್ತಾಳೆ. ಪಾದ್ರಿ ನರಕದ ಹೆದರಿಕೆ ಹಾಕಿ, ಧರ್ಮದಿಂದ ಹೊರಗೆ ಹಾಕುತ್ತೇವೆ ಅಂತ ಬೆದರಿಸಿ ಒಪ್ಪಿಸಿರುತ್ತಾನೆ. ಅಂದರೆ ಅವಳೂ ಹೆದರಿದಳು. ಮಾಡದ ತಪ್ಪನ್ನು ಹೆದರಿ ಒಪ್ಪಿಕೊಂಡಳು. ವಿಕ್ಟರ್‌ನೂ ಹೆದರಿದ. ಹೆದರಿಕೆ ಇಬ್ಬರಿಗೂ ಒಂದೇ, ಆದರೆ ಅವಳ ಹೆದರಿಕೆಗೆ ಬೆಲೆ ಕೊಟ್ಟವಳು ಅವಳೇ. ಅವನ ಹೆದರಿಕೆಗೂ ಬೆಲೆ ಕೊಟ್ಟವಳು ಅವಳೇ. ಬರೀ ಪುಕ್ಕಲ ಅಂತ ಅವನನ್ನು ಬಿಡೋಕೆ ನನಗೆ ಇನ್ನು ಮನಸ್ಸು ಬರುತ್ತಿಲ್ಲ.

ಮೂರನೇಮನೆ ಅವರೇ, ‘ದಿ ಲಾಟರಿ’ ಮುಂದಿನ ವಾರ ಓದುತ್ತೇನೆ. ಓದಿ ಇಲ್ಲಿಗೇ ಬರುತ್ತೇನೆ.